ಬಾಗಿಲಿಗೆ ಬಂದವರಿಗೆಲ್ಲ ಆರತಿ

ಓಟು ಕೇಳಲು ಬಾಗಿಲಿಗೆ ಯಾರೇ ಬರಲಿ, ಮಲ್ಲಯ್ಯನ ಹೆಂಡತಿ ಪಂಪಮ್ಮ ಅವರಿಗೆ ಆರತಿ ಎತ್ತುತ್ತಿದ್ದಳು. ಆಂಧ್ರದ ಆದೋನಿಯ ಆ ಓಣಿಯಲ್ಲಿ ಎಲ್ಲ ಮನೆಯವರೂ ಮಾಡುತ್ತಿದ್ದದ್ದು ಅದನ್ನೇ. ಬೆಳಿಗ್ಗೆ ಒಬ್ಬನ ಹಣೆಗೆ ಕುಂಕುಮ, ಸಂಜೆ ಅವನ ಎದುರಾಳಿಯ ಹಣೆಗೆ ಕುಂಕುಮ, ಓಟು ಮಾತ್ರ ಮನಸ್ಸಿಗೆ ಬಂದವರಿಗೆ. ಎಷ್ಟೋ ಚುನಾವಣೆಗಳು ಹೀಗೆ ಯಾರಿಗೂ ನೋವಾಗದಂತೆ ಕಳೆದುಹೋಗಿದ್ದವು. ಈ ಸಲ ಓಟು ಕೇಳುವವರ ಹಿಂದೆ ಡೊಳ್ಳಿನವರ ಬದಲು ಮೊಬೈಲ್ ಹಿಡಿದವರು ಬಂದರು. ತೊಂದರೆ ಬಂದದ್ದೆಲ್ಲ ಅದರಿಂದಲೇ.

ಬೆಳಿಗ್ಗೆ ಎಂಟಕ್ಕೆ ಲಕ್ಷ್ಮಿಕಾಂತ್ ಸಾವುಕಾರರು ಬಂದರು. ಮಲ್ಲಯ್ಯ ಹನ್ನೊಂದು ವರ್ಷದಿಂದ ತೂಕ ಬರೆಯುತ್ತಿದ್ದದ್ದು ಅವರ ಹತ್ತಿ ಮಿಲ್ಲಿನಲ್ಲಿ. ಪಂಪಮ್ಮ ಆರತಿ ಎತ್ತಿದಳು. ಒಂಬತ್ತೂವರೆಗೆ, ಅದೇ ಕೌನ್ಸಿಲರ್ ಸೀಟಿಗೆ ನಿಂತಿದ್ದ ಶೋಭಾರಾಣಿ ಮೇಡಂ ಬಂದರು. ಮಲ್ಲಯ್ಯ ಬಾಡಿಗೆಗಿದ್ದ ಮನೆ ಅವರದು. ಪಂಪಮ್ಮ ಹೊಸ ಬತ್ತಿ ಹಾಕಿ ಮತ್ತೆ ಆರತಿ ಎತ್ತಿದಳು.

ಮಲ್ಲಯ್ಯ ಮಿಲ್ಲಿಗೆಂದು ಚಪ್ಪಲಿ ಮೆಟ್ಟುವಷ್ಟರಲ್ಲಿ ಪಕ್ಕದ ಮನೆಯ ಸಾಯಿಕುಮಾರ್ ಮೊಬೈಲ್ ಎತ್ತಿ ಹಿಡಿದು ಓಡಿಬಂದ. ಮೊಬೈಲ್ ಕವರ್ ಮಾರುತ್ತಿದ್ದ ಅವನನ್ನು ಓಣಿಯವರೆಲ್ಲ ಇಂಟರ್ನೆಟ್ಟಿನ ಪಂಡಿತ ಎಂದೇ ನಂಬಿದ್ದರು.

“ಏಮಣ್ಣಾ, ಒಂದೇ ಮುಂಜಾನ್ಯಾಗ ಎರಡು ಪಾರ್ಟಿ ಸೇರಿಬಿಟ್ಟೆಲ್ಲ!”

ಎರಡು ವಿಡಿಯೋ. ಒಂದರ ಕೆಳಗೆ ‘ಮಲ್ಲಯ್ಯನ ಕುಟುಂಬ ಸಾವುಕಾರರ ಜೊತೆ’, ಇನ್ನೊಂದರ ಕೆಳಗೆ ‘ಮಲ್ಲಯ್ಯನ ಕುಟುಂಬ ಮೇಡಂ ಜೊತೆ’. ಎರಡರಲ್ಲೂ ಹೆಂಡತಿಯ ಹಿಂದೆ ಕೈಮುಗಿದು ನಿಂತವನು ಮಲ್ಲಯ್ಯನೇ. ಯಾರ ಮನಸ್ಸನ್ನೂ ನೋಯಿಸದೆ ಬದುಕಿದ ಆ ಪಾಪದ ಮನುಷ್ಯ ಎರಡನ್ನೂ ಇನ್ನೊಮ್ಮೆ ನೋಡಿ, ಹೆದರುತ್ತಲೇ ಮಿಲ್ಲಿಗೆ ನಡೆದ.

ಮಿಲ್ಲಿನಲ್ಲಿ ಸಾವುಕಾರರು ಮೇಡಂ ವಿಡಿಯೋ ತೆರೆದಿಟ್ಟುಕೊಂಡು ಕಾದು ಕೂತಿದ್ದರು.

“ಸಾವ್ಕಾರ್ರೇ, ನಿಮಗೂ ಆರತಿ ಮಾಡ್ಯಾಳಲ್ರಿ!” ಎಂದ ಮಲ್ಲಯ್ಯ.

“ಅದನ್ನ ಕೇಳಾಕತ್ತೀನಿ. ನನಗ ಮಾಡಿದ್ದು ನಲವತ್ತು ಸೆಕೆಂಡು. ಆಕಿಗೆ ಐವತ್ತೆರಡು! ಏನು ಇದರ ಅರ್ಥ?”

“ನಡುವ ಬತ್ತಿ ಆರಿತ್ರಿ, ಮತ್ತ ಹಚ್ಚಿದ್ವಿ.”

“ಅದೆಲ್ಲ ಬ್ಯಾಡ. ನನ್ನ ಕಡೆ ಅದೀನಿ ಅಂತ ಸಂಜಿ ಒಳಗ ವಿಡಿಯೋ ಕಳಸು. ಇಲ್ಲಾಂದ್ರ ನಾಳಿಂದ ತೂಕದ ಕಾಟಾ ಹತ್ರ ಬರಬ್ಯಾಡ.”

ತಲೆ ತಗ್ಗಿಸಿ ಹೊರಗೆ ಬಂದರೆ ಗೇಟಿನಾಚೆ ಮೇಡಂ ಕಾರು ನಿಂತಿತ್ತು. ಗಾಜು ಕೆಳಗಿಳಿಯಿತು.

“ಏಮಯ್ಯಾ ಮಲ್ಲಯ್ಯಾ, ಆ ಸಾವ್ಕಾರನ ವಿಡಿಯೋದಾಗ ಹಲ್ಲು ಕಿಸ್ಕೊಂಡು ನಿಂತೀದಿ. ನಮ್ಮ ವಿಡಿಯೋದಾಗ ಯಾಕ ನಗಾಂಗಿಲ್ಲ?”

“ಅಷ್ಟೊತ್ತಿಗೆ ನಕ್ಕು ನಕ್ಕು ದವಡಿ ನೋಯಾಕತ್ತಿತ್ರಿ ಮೇಡಂ.”

“ನಮ್ಮ ಕಡೆ ಅಂತ ಸಂಜಿ ಒಳಗ ಒಂದು ವಿಡಿಯೋ ಕಳಸು. ಇಲ್ಲಾಂದ್ರ ಮನಿ ಖಾಲಿ ಮಾಡು.”

ಇತ್ತ ಕೆಲಸ, ಅತ್ತ ಮನೆ. ಮಲ್ಲಯ್ಯ ಮನೆಗೆ ಬಂದಾಗ ಕಟ್ಟೆಯ ಮೇಲೆ ಓಣಿಯೇ ಸೇರಿತ್ತು. ಕರೆಯದೆ ಬಂದು ಬುದ್ಧಿ ಹೇಳುವುದರಲ್ಲಿ ಆ ಓಣಿಯವರು ಎಂದೂ ಜಿಪುಣತನ ಮಾಡಿದವರಲ್ಲ. ಮಲ್ಲಯ್ಯ ಹೇಳಿದ್ದನ್ನೆಲ್ಲ ಕೇಳಿ ಎದುರು ಮನೆಯ ನಾಗಜ್ಯೋತಿ ದಾರಿ ತೋರಿಸಿದಳು: “ಇಬ್ರಿಗೂ ಬ್ಯಾರೆ ಬ್ಯಾರೆ ವಿಡಿಯೋ ಮಾಡಿ, ಗುಟ್ಟಾಗಿ ಅವರವರ ಫೋನಿಗೆ ಕಳಸ್ರಿ. ಒಬ್ರದು ಒಬ್ರಿಗೆ ಹ್ಯಾಂಗ ಗೊತ್ತಾಗತೈತಿ?”

ಮಲ್ಲಯ್ಯನಿಗೆ ಜೀವ ಬಂತು. ಸಾಯಿಕುಮಾರ್ ಮೊಬೈಲ್ ಹಿಡಿದ. “ನನ್ನ ಓಟು ಸಾವ್ಕಾರ್ರಿಗೇ” ಎಂದು ಒಂದು. ಅಂಗಿ ಬದಲಿಸಿ, ದವಡೆಯ ನೋವು ಮರೆತು ನಗುತ್ತಾ, “ನನ್ನ ಓಟು ಮೇಡಂಗೇ” ಎಂದು ಇನ್ನೊಂದು. ಪಂಡಿತ ಹೆಬ್ಬೆರಳಿನಿಂದ ಎರಡು ಸಲ ಒತ್ತಿದ. ಮರುಕ್ಷಣವೇ ಕಟ್ಟೆಯ ಮೇಲಿದ್ದವರ ಫೋನುಗಳೆಲ್ಲ ಒಟ್ಟಿಗೆ ಕೂಗಿದವು. ಎರಡೂ ವಿಡಿಯೋ ‘ನಮ್ಮ ಓಣಿ’ ಗ್ರೂಪಿಗೆ ಹೋಗಿದ್ದವು. ಸಾವುಕಾರರೂ ಮೇಡಮ್ಮೂ ಓಟಿನ ಆಸೆಗೆ ಹೋದ ವಾರವಷ್ಟೇ ಆ ಗ್ರೂಪು ಸೇರಿದ್ದರು.

“ಪೊರಪಾಟು ಆಯ್ತಣ್ಣಾ, ತಪ್ಪಿ ಗ್ರೂಪಿಗೆ ಹೋಗೈತಿ” ಎಂದ ಸಾಯಿಕುಮಾರ್.

ಮಲ್ಲಯ್ಯ ಹೊಸ್ತಿಲ ಮೇಲೆ ಕುಸಿದು ಕೂತ. ಗಂಡನ ಮುಖ ನೋಡಿ ಪಂಪಮ್ಮನಿಗೆ ಸಿಟ್ಟು ನೆತ್ತಿಗೇರಿತು. “ಹಿಡಿಯಪ್ಪಾ ಫೋನು, ನಾ ಮಾತಾಡ್ತೀನಿ” ಎಂದು ಸೆರಗು ಸಿಕ್ಕಿಸಿ ನಿಂತಳು.

“ಆರತಿ ಮಾಡಿದ್ದು ನಮ್ಮ ಬಾಗಲಿನ ಮರ್ಯಾದಿ, ಓಟಿನ ರಸೀದಿ ಅಲ್ಲ. ಐದು ವರ್ಷಕ್ಕ ಒಮ್ಮಿ ಬರೋ ನಿಮಗ ಆರತಿ ಮಾಡ್ತೀವಿ. ಕಸದ ಬಂಡಿ ತಳ್ಕೊಂಡು ದಿನಾ ಬರೋ ಬಸವಕ್ಕಗ ಒಂದು ದಿನಾನೂ ಮಾಡಿಲ್ಲ. ಆ ತಪ್ಪು ನಂದು. ಆದ್ರ ನೀವು ಆರತಿ ಸೆಕೆಂಡು ಎಣಿಸಿ ನನ್ನ ಗಂಡನ ಹೊಟ್ಟಿ ಮ್ಯಾಲ ಹೊಡೀತೀರೇನು?”

ಆ ವಿಡಿಯೋ ಓಣಿ ದಾಟಿತು, ಊರು ದಾಟಿತು. ಮಧ್ಯಾಹ್ನಕ್ಕೆ ಪತ್ತಿಕೊಂಡದ ಬೀಗರು ಫೋನು ಮಾಡಿದರು. ನಾಲ್ಕು ಗಂಟೆಗೆ ನಲವತ್ತು ಸಾವಿರ ಜನ ನೋಡಿದ್ದರು. ಯಾರ ಕಣ್ಣಿಗೂ ಬೀಳಬಾರದೆಂದು ಮಲ್ಲಯ್ಯ ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿ ಮೂಟೆಗಳ ಹಿಂದೆ ಹೋಗಿ ಕೂತ.

ಐದಕ್ಕೆ ಸಾವುಕಾರರ ಫೋನು ಬಂತು. ದನಿ ಬೆಣ್ಣೆಯಂತಿತ್ತು. “ಮಲ್ಲಯ್ಯಾ, ಮಂದಿ ನನಗ ಉಗಿಯಾಕತ್ತಾರಪ್ಪಾ. ನಿನ್ನ ಕೆಲಸ ಎಲ್ಲಿಗೂ ಹೋಗಾಂಗಿಲ್ಲ. ಆ ವಿಡಿಯೋ ಒಂದು ತೆಗಸು.” ಐದೂ ಹತ್ತಕ್ಕೆ ಮೇಡಂ ಫೋನು. “ಇರೋವಷ್ಟು ದಿನ ಇರ್ರಿ, ಮನಿ ನಿಮ್ಮದು ಅನ್ಕೋರಿ. ಪಂಪಮ್ಮಗ ಸುಮ್ಮಗಿರಾಕ ಹೇಳು, ಅಷ್ಟು ಸಾಕು.”

ಹೆಂಡತಿಯ ಮೇಲೆ ಅಂದು ಬಂದಷ್ಟು ಪ್ರೀತಿ ಮಲ್ಲಯ್ಯನಿಗೆ ಮದುವೆಯ ದಿನವೂ ಬಂದಿರಲಿಲ್ಲ. ದಾರಿಯಲ್ಲಿ ಮಿಠಾಯಿ ಕಟ್ಟಿಸಿಕೊಂಡು ಓಡುತ್ತಲೇ ಮನೆಗೆ ಬಂದ.

ಕಟ್ಟೆಯ ತುಂಬ ಅಪರಿಚಿತರು. ನಡುವೆ ಆದೆಪ್ಪ, ಆ ವಾರ್ಡಿನಲ್ಲಿ ನಿಲ್ಲಿಸಲು ಯಾರೂ ಸಿಗದೆ ತಿಂಗಳಿಂದ ಅಲೆಯುತ್ತಿದ್ದ ಮೂರನೇ ಪಾರ್ಟಿಯ ಮುಖಂಡ. ಪಂಪಮ್ಮನ ಕೊರಳಲ್ಲಿ ಮಾರುದ್ದದ ಹಾರ, ಮುಂದೆ ನಾಮಿನೇಷನ್ ಅರ್ಜಿ.

“ನಾಳೆ ಕಡೀ ದಿನ ಅಂತ್ರಿ” ಎಂದಳು ಪಂಪಮ್ಮ. “ನಾ ಸಹಿ ಹಾಕೀನಿ. ಹೆಸರು ಸೂಚಿಸಾಕ ವಾರ್ಡಿನಾಗಿನ ಓಟಿನವರು ಒಬ್ರು ಬೇಕಂತ. ನಿಮಗಿಂತ ಹತ್ರದವರು ಯಾರದಾರ?”

ಮಲ್ಲಯ್ಯ ಮಿಠಾಯಿ ಪೊಟ್ಟಣ ಕೆಳಗಿಟ್ಟ. ಅವಳ ಕಿವಿಯ ಹತ್ತಿರ ಬಗ್ಗಿದ. “ಪಂಪೀ, ಇಬ್ರೂ ತಣ್ಣಗಾಗ್ಯಾರ. ಕೆಲಸ ಉಳದೈತಿ, ಮನಿ ಉಳದೈತಿ. ಹಾರ ತೆಗಿ. ಅವರಿಗೆ ಗೊತ್ತಾಗೋದ್ರಾಗ...”

“ಮೆಲ್ಲಗ ಮಾತಾಡಿದ್ರ ಕೇಳಸಾಂಗಿಲ್ಲಣ್ಣಾ” ಎಂದು ಸಾಯಿಕುಮಾರ್ ಮೊಬೈಲನ್ನು ಇನ್ನಷ್ಟು ಹತ್ತಿರ ತಂದ. “ಲೈವ್ ನಡದೈತಿ.”

ಆದೆಪ್ಪ ಪೆನ್ನು ಮುಂದೆ ಹಿಡಿದ. ಪರದೆಯ ಮೇಲೆ ನೋಡುತ್ತಿದ್ದವರ ಹೆಸರುಗಳು ಒಂದರ ಹಿಂದೆ ಒಂದು ಮೂಡುತ್ತಿದ್ದವು. ಎಲ್ಲಕ್ಕಿಂತ ಮೇಲೆ ಲಕ್ಷ್ಮಿಕಾಂತ್ ಇದ್ದರು, ಅವರ ಕೆಳಗೇ ಶೋಭಾರಾಣಿ.