ಚೆಂಡಿಲ್ಲದ ಬ್ಯಾಟು

ರಾಣೆಬೆನ್ನೂರಿನ ದಾದಾಸಾಬನ ಆಟದ ಸಾಮಾನಿನ ಅಂಗಡಿಯಲ್ಲಿ ಬೇಸ್‌ಬಾಲ್ ಬ್ಯಾಟಿಗೆ ಕೈ ಹಾಕಿದ ಗಳಿಗೆಯಲ್ಲೇ ಸಿದ್ದಲಿಂಗೇಶನ ದಿನ ಕೆಟ್ಟಿತು. ಅವನಿಗೆ ಅದು ಗೊತ್ತಾಗಲಿಲ್ಲ ಅಷ್ಟೇ.

“ಯಾರಿಗೆ ಹಾಕಾಕೋ ತಮ್ಮಾ?” ದಾದಾಸಾಬ ದನಿ ತಗ್ಗಿಸಿ ಕೇಳಿದ.

“ಆಡಾಕ್ರಿ ಚಾಚಾ. ಒಂದು ಚೆಂಡೂ ಕೊಡ್ರಿ.”

ದಾದಾಸಾಬ ಕನ್ನಡಕ ಹಣೆಗೇರಿಸಿದ. “ಅಂಗಡಿ ಇಟ್ಟಾಗಿಂದ ಇಂಥಾ ಬ್ಯಾಟು ಭಾಳ ಮಾರೇನಿ. ಡಾಬಾದವ್ರು ಒಯ್ದಾರ, ಪ್ಲಾಟ್ ಮಾರಾವ್ರು ಒಯ್ದಾರ, ಕಾರಿನ ಸೀಟಿನ ಬುಡಕ ಇಡಾವ್ರು ಒಯ್ದಾರ. ಉಳಿದಿರೋದು ಇದೊಂದ. ಆದ್ರ ಚೆಂಡು ಕೇಳಿದಂವ ನೀನ ಮೊದಲನೇದಂವ! ಇದಕ್ಕ ಚೆಂಡೂ ಇರ್ತೈತೇನ?”

“ಇರ್ತೈತ್ರಿ.”

“ಹುಬ್ಬಳ್ಳ್ಯಾಗ ವಿಚಾರಸ್ತೇನಿ, ನಂಬರ್ ಕೊಟ್ಟು ಹೋಗು,” ಎಂದ ದಾದಾಸಾಬ, ಮೈಯಲ್ಲಿ ಹುಷಾರಿಲ್ಲದವನನ್ನು ನೋಡುವ ಹಾಗೆ ನೋಡುತ್ತ.

ಸಿದ್ದಲಿಂಗೇಶನದು ಮೆಣಸಿನಕಾಯಿ ಚೀಲ ಹೊರುವ ಗೂಡ್ಸ್ ಗಾಡಿ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮಾಲು ಇಳಿಸಲು ಸಾಲಿನಲ್ಲಿ ನಿಂತಾಗ ಬೇರೆ ಡ್ರೈವರುಗಳು ಫೋನಿನಲ್ಲಿ ಕುಣಿತ ನೋಡುತ್ತಿದ್ದರೆ ಇವನು ಬೇಸ್‌ಬಾಲ್ ನೋಡುತ್ತಿದ್ದ. ನೋಡುತ್ತ ನೋಡುತ್ತ ಹುಚ್ಚೇ ಹಿಡಿಯಿತು. ಮೇಡ್ಲೇರಿಯ ಹೊಳೆದಂಡೆಯಲ್ಲಿ ಗೆಳೆಯರ ಜೊತೆ ಗುದ್ದಲಿಯ ಕಾವು ಹಿಡಿದು ಆಡುತ್ತಿದ್ದ. ಡ್ರೈವರನಿಗೆ ಹೆಣ್ಣು ಕೊಡುವುದಿಲ್ಲ ಎಂದು ಊರೂರಿನ ಅಪ್ಪಂದಿರು ಬಾಗಿಲು ಹಾಕಿದ್ದಾಗ ಬ್ಯಾಡಗಿಯ ಮೈಲಾರೆಪ್ಪನ ಮಗಳು ಅಂಜಲಿ ಒಬ್ಬಳೇ ಫೋನಿನಲ್ಲಿ ನಗುತ್ತ, “ಆ ಆಟ ನನಗೂ ಕಲಸ್ತೀರೇನ್ರಿ?” ಎಂದು ಕೇಳಿದ್ದಳು. ಇವತ್ತು ಸಂಜೆ ಅವರ ಮನೆಯಲ್ಲಿ ಕೊನೆಯ ಮಾತುಕತೆ. ಬ್ಯಾಟು ಅವಳಿಗೆ ತೋರಿಸಲಿಕ್ಕೆಂದೇ ಕೊಂಡದ್ದು.

ಹೊಸ ಅಂಗಿ ತೊಡಲು ಹಲಗೇರಿಯ ಮನೆಗೆ ಬಂದಾಗ ಪಕ್ಕದ ಮನೆಯ ಪ್ರೇಮವ್ವ ಗಾಡಿಯೊಳಗೆ ಇಣುಕಿಯಾಗಿತ್ತು. ಈ ಸಂಬಂಧ ಹುಡುಕಿದವಳೂ ಅವಳೇ.

“ಅಯ್ಯ ನಮ್ಮವ್ವ! ಲಗ್ನದ ಮಾತಿಗೆ ಹೊಂಟಂವ ಬಡಿಗಿ ಹಿಡ್ಕೊಂಡು ಹೊಂಟೀಯೇನೋ?”

“ಅತ್ತೀ, ಇದು ಆಟದ್ದು.”

“ಯಾರಿಗೆ ಹೇಳ್ತಿ? ಮನ್ನಿ ಬಸ್‌ಸ್ಟ್ಯಾಂಡಿನಾಗ ತಲಿ ಒಡದದ್ದು ಇಂಥಾದ್ರಲೇನ. ಮೊದಲ ಮೈಲಾರೆಪ್ಪಗ ಮಳಿಗೀದು ದೊಡ್ಡ ತಲಿಬ್ಯಾನಿ. ಬಾಡಿಗಿಗಿದ್ದ ಹಾಲಸಿದ್ದಪ್ಪ ಖಾಲಿ ಮಾಡವಲ್ಲ. ಇನ್ನ ಅಳಿಯಾನೂ ರೌಡಿ ಅಂದ್ರ ಆತನ ಎದಿ ಒಡೀತೈತಿ.”

ಅವನು ಬ್ಯಾಡಗಿ ರಸ್ತೆ ಹಿಡಿಯುವಷ್ಟರಲ್ಲಿ ಅವಳ ಫೋನು ಬಂತು. “ನಾಳೆ ನನ್ನ ಮ್ಯಾಲೆ ಮಾತು ಬರಬಾರದು ನೋಡಪಾ. ಮೈಲಾರೆಪ್ಪಗ ಎಲ್ಲಾ ಹೇಳಿಬಿಟ್ಟೆ.”

ಸಿದ್ದಲಿಂಗೇಶ ಗಾಡಿಯನ್ನು ರಸ್ತೆಬದಿಗೆ ನಿಲ್ಲಿಸಿದ. “ಏನಂದ್ರು?”

“ಏನೂ ಅನ್ಲಿಲ್ಲ. ‘ಹೌದೇನ?’ ಅಂದ್ರು. ಫೋನ್ ಇಟ್ರು.”

ಬೈದಿದ್ದರೆ ಸಮಾಧಾನ ಹೇಳಬಹುದಿತ್ತು. ‘ಹೌದೇನ’ ಎಂಬುದಕ್ಕೆ ಯಾವನು ಏನು ಹೇಳಬೇಕು? ಆ ಒಂದು ಮಾತು ದಾರಿಯುದ್ದಕ್ಕೂ ಚಪ್ಪಲಿಯೊಳಗಿನ ಹರಳಿನಂತೆ ಚುಚ್ಚಿತು.

ಸಂಜೆಯೊಳಗೆ ಮಾಲು ಇಳಿಸಿಬಿಡಬೇಕೆಂದು ಮಾರುಕಟ್ಟೆಗೆ ಹೋದರೆ ಅಲ್ಲಿ ಸರದಿಗಾಗಿ ಇಬ್ಬರು ಡ್ರೈವರುಗಳು ಕೊರಳಪಟ್ಟಿ ಹಿಡಿದಿದ್ದರು. ಸಿದ್ದಲಿಂಗೇಶ ಅತ್ತ ನೋಡಲೂ ಇಲ್ಲ. ಸೀಟಿನ ಹಿಂದಿನ ಹಗ್ಗ ತೆಗೆಯಲು ಬಗ್ಗಿದ, ಬ್ಯಾಟು ಅಡ್ಡ ಬಂತು, ಅದನ್ನು ಹೊರಗೆ ತೆಗೆದ. ಅಷ್ಟೇ. ಜಗಳ ಬಂದ್ ಆಯಿತು. ಕೊರಳಪಟ್ಟಿ ಹಿಡಿದವನೇ ಎದುರಿನವನ ಗುಂಡಿ ಹಾಕಿಕೊಟ್ಟ. ಮುಂದಿನ ಗಾಡಿಗಳು ತಾವಾಗಿಯೇ ಪಕ್ಕಕ್ಕೆ ಸರಿದವು.

“ನೀವು ಮೊದಲ ಇಳಿಸ್ರಿ ಅಣ್ಣಾರ. ನಮ್ಮದೇನು ಅವಸರಿಲ್ಲ.”

“ಮೈಲಾರೆಪ್ಪನ ಅಳಿಯ ಆಗಾಂವ ಅಂತೋ,” ಎಂದು ಯಾರೋ ಪಿಸುಗುಟ್ಟಿದರು. ಎದುರಿಗಿದ್ದ ಮೈಲಾರೆಪ್ಪನ ಮಳಿಗೆಯಲ್ಲಿ ಗೋಣಿಚೀಲ, ಸುತಳಿ ಮಾರುತ್ತಿದ್ದ ಬಾಡಿಗೆದಾರ ಹಾಲಸಿದ್ದಪ್ಪ ಅದನ್ನು ಕೇಳಿದ. ಚಹಾದ ಕಪ್ಪು ಕೆಳಗಿಟ್ಟ. ಸದ್ದಿಲ್ಲದೆ ತನ್ನ ಸಾಮಾನನ್ನು ಗಂಟು ಕಟ್ಟತೊಡಗಿದ.

ನಮ್ಮ ಮಂದಿಯೇ ಹೀಗೆ. ಮನುಷ್ಯ ಬಾಯಿಬಿಟ್ಟು ಹೇಳಿದ್ದನ್ನು ಕೇಳುವುದಿಲ್ಲ. ಕೈಯಲ್ಲಿ ಏನಿದೆ, ಕಾಲಲ್ಲಿ ಏನಿದೆ, ಯಾವ ಓಣಿಯಿಂದ ಬಂದ ಎಂದು ನೋಡಿ ಅವನ ಹಣೆಬರಹವನ್ನು ತಾವೇ ಬರೆದು ಮುಗಿಸುತ್ತಾರೆ.

ಮಾರುಕಟ್ಟೆಯ ಕಾವಲಿಗಿದ್ದ ಪೊಲೀಸ್ ಕನಕಪ್ಪ ಬಂದು ಬ್ಯಾಟಿನ ಇನ್ನೊಂದು ತುದಿ ಹಿಡಿದ. “ಯಾರ ಕಡೆಯಂವಲೇ ನೀ?”

“ಯಾರ ಕಡೆನೂ ಅಲ್ರಿ ಸಾಹೇಬ್ರ. ಆಟದ್ದರೀ ಇದು.”

“ಚೆಂಡೆಲ್ಲೈತಿ?”

“ಬರಬೇಕ್ರಿ.”

“ಬಡಿಗಿ ಬಂದೈತಿ, ಚೆಂಡು ಬರಬೇಕು! ನಡಿ ಠಾಣೆಗೆ.”

ಠಾಣೆಗೆ ಹೋದರೆ ಸಂಜೆಯ ಮಾತುಕತೆ ಮುಗಿದಂತೆಯೇ. ಸಿದ್ದಲಿಂಗೇಶ ಮುಳುಗುವವನು ಹುಲ್ಲು ಹಿಡಿದಂತೆ ಅಮೆರಿಕಾವನ್ನು ಹಿಡಿದುಕೊಂಡ.

“ಸಾಹೇಬ್ರ, ಅಮೆರಿಕಾದಾಗ ಉತ್ತರದವ್ರು ದಕ್ಷಿಣದವ್ರು ತಮ್ಮತಮ್ಮೊಳಗ ಯುದ್ಧ ಮಾಡಿ ಸಾಯಾಕತ್ತಾಗ ಸೈನಿಕರು ಬಂದೂಕು ಬದಿಗಿಟ್ಟು ಇದನ್ನ ಆಡ್ತಿದ್ರಂತ್ರಿ. ಈಗೂ ದೇಶದ ಅಧ್ಯಕ್ಷ ಬಂದು ಮೊದಲನೇ ಚೆಂಡು ಒಗೀತಾನ್ರಿ!”

“ಅಧ್ಯಕ್ಷನಂತಾಕ ಚೆಂಡು ಐತೆಲ್ಲ. ನಿನ್ನಂತಾಕ ಎಲ್ಲೈತಿ?”

ಸುತ್ತಲಿನವರು ನಕ್ಕರು. ಸಿದ್ದಲಿಂಗೇಶನ ದನಿ ಏರಿತು. “ಕಪ್ಪು ಬಣ್ಣದವ್ರನ್ನ ಬಿಳೇರು ತಮ್ಮ ದೊಡ್ಡ ಟೀಮಿನಾಗ ಸೇರಿಸ್ತಿದ್ದಿಲ್ರಿ. ಅವ್ರು ಬ್ಯಾರೇನ ಕಟ್ಟಿಕೊಂಡು ಆಡಿದ್ರು. ನಮಗ ಸ್ವಾತಂತ್ರ್ಯ ಬಂತಲ್ರಿ ನಲವತ್ತೇಳರಾಗ, ಅದ ವರ್ಷ ಒಬ್ಬಾತ ಆ ಗೋಡಿ ಒಡದು ಒಳಗ ಹೋದ. ಮಂದಿ ಬಾಯಿಗೆ ಬಂದಂಗ ಬೈದ್ರು, ಹೋಟೆಲ್ನಾವ್ರು ಖೋಲಿ ಕೊಡ್ಲಿಲ್ಲ. ಆತನ ಕೈಯಾಗೂ ಇಂಥಾದ ಬ್ಯಾಟಿತ್ತು. ಒಬ್ಬರ ಮ್ಯಾಲೂ ಎತ್ತಲಿಲ್ರಿ. ಚೆಂಡಿಗೆ ಹೊಡದಾ, ಓಡಿದಾ!”

ಚೀಲ ಹೊತ್ತು ನಿಂತಿದ್ದ ಹಮಾಲಿಯೊಬ್ಬ ಹೊರೆ ಇಳಿಸಿದ. “ಶಾಲಿ ಮೈದಾನದಾಗ ನಮ್ಮ ಓಣಿ ಹುಡುಗ್ರನ್ನ ಬರೇ ಚೆಂಡು ಹೆಕ್ಕಾಕ ಕರೀತಿದ್ರು. ಬ್ಯಾಟು ಮುಟ್ಟಾಕ ಬಿಡ್ತಿದ್ದಿಲ್ಲ.”

ಯಾರೂ ನಗಲಿಲ್ಲ. ಹಮಾಲಿ ಹಾಲಸಿದ್ದಪ್ಪನ ಗಂಟಿನಿಂದ ಸುತಳಿ ಎಳೆದು, ತನ್ನ ಹೆಗಲ ವಸ್ತ್ರದ ತುಂಡಿಗೆ ಬಿಗಿಯಾಗಿ ಸುತ್ತಿ, ಚೆಂಡು ಮಾಡಿ ಕೊಟ್ಟ.

ಕನಕಪ್ಪ ಮೀಸೆ ಸವರಿದ. “ಆತು. ಆಟ ಅಂತ ಕಂಡ್ರ ಬಿಡ್ತೇನಿ.”

ಅಂಗಳದಲ್ಲಿ ನಾಲ್ಕು ಮೂಲೆಗೆ ನಾಲ್ಕು ಮೆಣಸಿನಕಾಯಿ ಚೀಲ ಇಟ್ಟರು. ಚೆಂಡು ಎಸೆಯಲು ಯಾರೂ ಮುಂದೆ ಬರಲಿಲ್ಲ. “ಖರೇನ ಆಟೇನ್ರಿ?” ಎನ್ನುತ್ತ ಹಾಲಸಿದ್ದಪ್ಪನೇ ಬಂದ.

ಮೊದಲ ಚೆಂಡು ತಪ್ಪಿತು. ಎರಡನೆಯದೂ ತಪ್ಪಿತು.

“ಇನ್ನೊಂದು ತಪ್ಪಿದ್ರ ಔಟ್ ರಿ,” ಎಂದ ಸಿದ್ದಲಿಂಗೇಶ.

“ತಪ್ಪಿದ್ರ ಠಾಣಾ,” ಎಂದ ಕನಕಪ್ಪ.

ಸಿದ್ದಲಿಂಗೇಶನ ಕಣ್ಣಿಗೆ ಅಂಜಲಿಯೇ ಆ ಸುತಳಿಯ ಉಂಡೆಯೊಳಗೆ ಕೂತು ಬರುತ್ತಿದ್ದಂತೆ ಕಂಡಿತು. ಬೀಸಿದ. ಚೆಂಡು ತಗಡಿನ ಮಾಡು ದಾಟಿ ಹೋಯಿತು. ಮೂಲೆಯ ಚೀಲಗಳನ್ನು ಮುಟ್ಟುತ್ತ ಓಡಿದ. ಒಂದು ಚೀಲ, ಎರಡು ಚೀಲ, ಮೂರು ಚೀಲ. ನಾಲ್ಕನೆಯದಕ್ಕೆ ಫೋನಿನಲ್ಲಿ ಕಂಡವರ ಹಾಗೆ ಎದೆಯ ಮೇಲೆ ಜಾರಿದ. ಚೀಲ ಒಡೆಯಿತು. ಕೆಂಪು ಧೂಳು ಮೇಲೆದ್ದು ಇಡೀ ಮಾರುಕಟ್ಟೆಯೇ ಸೀನತೊಡಗಿತು.

“ಆಟ... ಆಕ್ಷೀ... ಆಟ ಐತಿ, ಬಿಡ್ರಿ ಅವನ್ನ!” ಎಂದ ಕನಕಪ್ಪ.

ಧೂಳು ಇಳಿದಾಗ ಎದುರಿಗೆ ಮೈಲಾರೆಪ್ಪ ನಿಂತಿದ್ದ.

ಸಿದ್ದಲಿಂಗೇಶ ಖಾರದ ಕಣ್ಣು ಒರೆಸಿಕೊಳ್ಳುತ್ತ ಓಡಿದ. “ಮಾವಾರ, ನೀವ ನೋಡಿದ್ರೆಲ್ಲ! ನಾ ರೌಡಿ ಅಲ್ರಿ. ಒಂದು ಇರುವಿಗೂ ಹೊಡದಂವಲ್ಲ!”

ಮೈಲಾರೆಪ್ಪ ಅವನನ್ನು ನೋಡಲಿಲ್ಲ. ಹಾಲಸಿದ್ದಪ್ಪ ನಗುತ್ತ ಗಂಟು ಬಿಚ್ಚಿ ಸುತಳಿಯನ್ನು ಮತ್ತೆ ಮಳಿಗೆಯೊಳಗೆ ಜೋಡಿಸುತ್ತಿದ್ದುದನ್ನೇ ನೋಡುತ್ತಿದ್ದ.

“ಪ್ರೇಮವ್ವ ಫೋನ್ ಮಾಡಿದಾಗ ಮನ್ಯಾಗ ಸಿರಾ ಮಾಡಾಕ ಹೇಳಿದ್ನೋ,” ಎಂದ ಮೈಲಾರೆಪ್ಪ. “ಕಡೀಗೂ ಗಂಡಸು ಅಳಿಯ ಸಿಕ್ಕ ಅಂದಿದ್ನಿ. ಈ ಮಗಾ ಮಳಿಗಿ ಬಿಡಾಕ ಗಂಟು ಕಟ್ಟಾಕತ್ಯಾನ ಅಂತ ಸುದ್ದಿ ಬಂತು, ಕಣ್ಣಾರೆ ನೋಡಾಕ ಓಡಿ ಬಂದ್ನಿ. ಬಂದು ನೋಡಿದ್ರ ನೀ ಅವನ ಕೂಡ ಚೆಂಡಾಟ ಆಡಾಕತ್ತೀ!”

“ಮಾವಾರ...”

“ಯಾರಿಗೋ ಮಾವ? ಸಂಜೀಕ ಬರಬ್ಯಾಡ.”

ಸಿದ್ದಲಿಂಗೇಶ ಗಾಡಿಯ ಹಿಂಬದಿಗೆ ಕೂತ. ಕಣ್ಣಿನಿಂದ ನೀರು ಸುರಿಯುತ್ತಿತ್ತು. ಮೆಣಸಿನಕಾಯಿಯ ಊರಿನಲ್ಲಿ ಅದಕ್ಕೆ ಯಾರೂ ಕಾರಣ ಕೇಳುವುದಿಲ್ಲ. ಫೋನು ಬಡಿದುಕೊಂಡಿತು. ಅಂಜಲಿಯೆಂದು ಗಡಬಡಿಸಿ ಎತ್ತಿದ. ದಾದಾಸಾಬ.

“ತಮ್ಮಾ, ನಿನ್ನ ಚೆಂಡು ಸಿಕ್ಕಿತು. ಆದ್ರ ಒಂದು ಮಾತು. ಆ ಬ್ಯಾಟು ವಾಪಸ್ ಕೊಡ್ತೀಯೇನ? ಬ್ಯಾಡಗಿಯಿಂದ ಮೈಲಾರೆಪ್ಪ ಅನ್ನಾವ್ರು ಲಗೂನ ಒಂದು ಬೇಕಂತ ಫೋನ್ ಮಾಡ್ಯಾರ.”

ಸಿದ್ದಲಿಂಗೇಶ ಬ್ಯಾಟಿನ ಮೇಲಿನ ಖಾರದ ಧೂಳು ಒರೆಸಿದ. “ಚೆಂಡೂ ಕೇಳಿದ್ರೇನ್ರಿ ಚಾಚಾ?”

“ಚೆಂಡ್ಯಾಕ ಬೇಕೋ ಅವರಿಗೆ?” ಎಂದ ದಾದಾಸಾಬ.