ಹುಳಕ್ಕಿಲ್ಲದ ಶುಗರ್

ಸಿಟ್ಟು ಬಂದಷ್ಟೂ ದನಿ ತಗ್ಗಿಸಬೇಕೆಂದು ಕಾನ್ವೆಂಟಿನ ಸಿಸ್ಟರುಗಳು ನಮಗೆ ಕಲಿಸಿದ್ದರು. ಅದರ ಫಲವೇನೆಂದರೆ, ಮದುವೆಯಾದಾಗಿನಿಂದ ನನಗೆ ಸಿಟ್ಟು ಬಂದಿರುವ ಸಂಗತಿಯೇ ನಮ್ಮ ಯಜಮಾನರಿಗೆ ಗೊತ್ತಿಲ್ಲ. ನಾನು ಒಳಗೊಳಗೇ ಕುದಿಯುತ್ತಿರುವಾಗ, ಇವತ್ತು ಯಾಕೋ ಸಮಾಧಾನವಾಗಿದ್ದೀಯ ಎಂದು ಮೆಚ್ಚಿಕೊಳ್ಳುತ್ತಾರೆ.

ಈ ಸಲ ಕುದಿಸಿದವನು ನನ್ನ ಒಡಹುಟ್ಟಿದ ತಮ್ಮ. ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ರೇಷ್ಮೆಹುಳ ಸಾಕುತ್ತಾನೆ. ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಬಂದವನು ಒಂದು ಹೊರೆ ಹಿಪ್ಪುನೇರಳೆ ಸೊಪ್ಪು ಇಳಿಸಿ, ಇದರ ಕಷಾಯ ಕುಡಿದರೆ ಭಾವನ ಶುಗರ್ ಊರು ಬಿಟ್ಟು ಓಡುತ್ತದೆ ಎಂದ. ಇವರು ಸಾಕ್ಷಿ ಕೇಳಿದರು.

"ಹುಳ ಹಗಲೂ ರಾತ್ರಿ ಇದನ್ನೇ ಮೇಯ್ತದೆ ಭಾವ. ಒಂದು ಹುಳಕ್ಕಾದ್ರೂ ಶುಗರ್ ಬಂದಿದ್ದು ನೋಡಿದ್ದೀರಾ?"

ತಿಂಗಳೊಳಗೆ ಗೂಡು ಕಟ್ಟಿ ಬಿಸಿನೀರಿಗೆ ಬೀಳುವ ಪ್ರಾಣಿಗೆ ಶುಗರ್ ಬರಲು ಪುರುಸೊತ್ತೆಲ್ಲಿ? ನಾನು ಹೀಗೆಂದದ್ದು ಇಬ್ಬರಿಗೂ ಕೇಳಿಸಲಿಲ್ಲ.

ಪರೀಕ್ಷೆ ಶುರುವಾಯಿತು. ಗುಣ ಸೊಪ್ಪಿನದೋ ಮಾತ್ರೆಯದೋ ಎಂಬ ಗೊಂದಲ ಬೇಡವೆಂದು ಇವರು ಮಾತ್ರೆಯನ್ನೇ ಬಿಟ್ಟರು. ಸೊಪ್ಪಿನ ಶಕ್ತಿ ಪೂರ್ತಿ ತಿಳಿಯಲೆಂದು ಹೋಳಿಗೆಯನ್ನೂ ತಿಂದರು. ಮಾತ್ರೆ ಬಿಟ್ಟದ್ದನ್ನು ನನಗೆ ಹೇಳಿರಲಿಲ್ಲ. ಕಪಾಟಿನಲ್ಲಿ ಮಾತ್ರೆಯ ಪಟ್ಟಿಯ ಒಂದು ಗುಳ್ಳೆಯೂ ಒಡೆದಿರಲಿಲ್ಲ. ಬಚ್ಚಲಿನ ಅಂಚಿಗೆ ಇರುವೆಗಳು ಸಾಲುಗಟ್ಟಿದ್ದವು. ಅವೆರಡರಿಂದ ತಿಳಿಯಿತು. ನಮ್ಮ ಮಾವನವರ ಕಾಲಿನ ಹೆಬ್ಬೆರಳನ್ನು ಕತ್ತರಿಸಿದ್ದು ಇದೇ ಕಾಯಿಲೆಗೆ.

ಇವರ ಬೆರಳು ಚುಚ್ಚಿ ಶುಗರ್ ಮೀಟರಿನಲ್ಲಿ ನೋಡಿದರೆ ಅಂಕಿ ಎಲ್ಲೋ ಏರಿ ಕೂತಿತ್ತು. ಇವರು ಮಾತ್ರ, ಮೆಷೀನ್ ಕೆಟ್ಟಿದೆ ಎಂದರು. ಅಂದು ಮೊದಲ ಬಾರಿಗೆ ಸಿಸ್ಟರುಗಳ ಮಾತು ಮೀರಿ, ಬೀದಿಗೆ ಕೇಳುವ ಹಾಗೆ ಕಿರುಚಿದೆ.

"ನಿಮ್ಮಪ್ಪನ ಬೆರಳು ಹೋಗಿದ್ದೂ ಮೆಷೀನ್ ಕೆಟ್ಟೇನ್ರೀ?"

ಇವರು ಕುಳಿತಲ್ಲೇ ಸ್ವಲ್ಪ ಹಿಂದೆ ಸರಿದರು. ಆಮೇಲೆ ಮೆತ್ತಗೆ, "ಸರಿ ಕಣೇ, ನಿಂದು ನೋಡು. ನಿಂಗೆ ಶುಗರ್ರೇ ಇಲ್ವಲ್ಲ. ನಿಂದೂ ಜಾಸ್ತಿ ತೋರಿಸಿದ್ರೆ ಮೆಷೀನ್ ಕೆಟ್ಟಿದೆ ಅಂತ ಒಪ್ಕೋ. ಇಲ್ದಿದ್ರೆ ಈಗ್ಲೇ ಮಾತ್ರೆ ನುಂಗ್ತೀನಿ" ಎಂದರು.

ಸತ್ಯವೆಲ್ಲ ನನ್ನ ಕಡೆಗಿದೆಯೆಂಬ ಠೀವಿಯಲ್ಲಿ ಬೆರಳು ಚುಚ್ಚಿಕೊಂಡೆ. ಇವರದಕ್ಕಿಂತ ಹೆಚ್ಚು ತೋರಿಸಿತು.

ಮೆಷೀನ್ ಸರಿಯಾಗಿಯೇ ಇದೆಯೆಂದು ಮರುದಿನ ಲ್ಯಾಬಿನ ವರದಿ ಹೇಳಿತು. ಡಾಕ್ಟರು ಇಬ್ಬರಿಗೂ ಬೈದು, ಇಬ್ಬರಿಗೂ ಮಾತ್ರೆ ಬರೆದುಕೊಟ್ಟರು. ಇವರೀಗ ತಪ್ಪದೆ ನುಂಗುತ್ತಾರೆ. ನುಂಗಿ, ನನಗೂ ಒಂದು ಲೋಟ ನೀರು ತಂದು ಎದುರಿಗಿಟ್ಟು, ನಾನು ನುಂಗುವವರೆಗೂ ಅಲ್ಲೇ ನಿಲ್ಲುತ್ತಾರೆ. ಅದಕ್ಕೇ ನನಗೆ ಇನ್ನಷ್ಟು ಉರಿಯುತ್ತದೆ.

ಆ ಉರಿಯಲ್ಲೇ ಮೊನ್ನೆ ತಮ್ಮನಿಗೆ ಫೋನ್ ಮಾಡಿ, ನಿನ್ನ ಸೊಪ್ಪನ್ನೆಲ್ಲ ನಿನ್ನ ಹುಳಕ್ಕೇ ಹಾಕಿಕೋ ಎಂದು ಬಾಯಿ ನೋಯುವಷ್ಟು ಬೈದೆ. ಬೈದು ಮುಗಿದ ಮೇಲೆ, ಫೋನ್ ಇಡುವ ಮುಂಚೆ, ಕಷಾಯಕ್ಕೆ ಎಳೆ ಸೊಪ್ಪು ಹಾಕಬೇಕೋ ಬಲಿತದ್ದೋ ಎಂದು ಕೇಳಿದೆ.