ನಾಲ್ಕು ಕೊಂಬಿನ ಟೋಪಿ

ಸುಮ್ಮನೆ ಕೂತಿರುವುದು ಸುಲಭದ ಕೆಲಸವೆಂದು ತಿಳಿದವರು ಅದನ್ನು ಹೆಂಡತಿಯ ಎದುರು ಮಾಡಿ ನೋಡಿರಲಾರರು. ನನಗೆ ಆ ಅನುಭವ ಕಳೆದ ವರ್ಷ ನೈರೋಬಿಯ ಜುಲೈ ಚಳಿಯಲ್ಲಿ ಆಯಿತು. ನನ್ನ ಹೆಂಡತಿ ಶೈಲಜಾ ಇಲ್ಲಿನ ಲ್ಯಾವಿಂಗ್ಟನ್ ಬಡಾವಣೆಯ ಒಂದು ಶಾಲೆಯಲ್ಲಿ ಚಿತ್ರಕಲೆಯ ಟೀಚರ್. ಒಂದು ಭಾನುವಾರ, "ರೀ, ನಿಮ್ಮ ತಲೆ ಸ್ವಲ್ಪ ಬೇಕಿತ್ತು" ಅಂದಳು. ಸಲಹೆ ಕೇಳುತ್ತಿದ್ದಾಳೆಂದು ಹಿಗ್ಗಿ ಹೋದೆ. ಅವಳಿಗೆ ಬೇಕಾಗಿದ್ದದ್ದು ಅಳತೆ.

ಶಾಲೆಯ ಪ್ರದರ್ಶನಕ್ಕೆಂದು ಅವಳು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಪ್ರಾಚೀನರ ಟೋಪಿಯೊಂದನ್ನು ಮಾಡಲು ಹೊರಟಿದ್ದಳು. ಇಂಕಾ ದೊರೆಗಳಿಗಿಂತಲೂ ಹಿಂದಿನದು. ಚೌಕದ ಡಬ್ಬಿಯಂಥ ಟೋಪಿ, ನಾಲ್ಕು ಮೂಲೆಗೂ ಒಂದೊಂದು ಪುಟ್ಟ ಕೊಂಬು. ಅದಕ್ಕೆ ಮಗ್ಗ ಬೇಡ. ನೆತ್ತಿಯಿಂದ ಶುರುಮಾಡಿ ಸಾಲುಸಾಲಾಗಿ ಗಂಟು ಹಾಕುತ್ತ ಕೆಳಗಿಳಿಯಬೇಕು. ಗಂಟು ಬಿಗಿಯುವಾಗಲೇ ಬಣ್ಣದ ಉಣ್ಣೆಯ ಎಳೆಗಳನ್ನು ಅದರೊಳಗೆ ಸಿಕ್ಕಿಸಿಬಿಟ್ಟರೆ ಹೊರಮೈ ಮಖಮಲ್ಲಿನಂತೆ ಮೃದುವಾಗುತ್ತದೆ. ಅವರು ಅಲ್ಪಾಕಾ ಎಂಬ ಪ್ರಾಣಿಯ ಉಣ್ಣೆ ಬಳಸುತ್ತಿದ್ದರಂತೆ. ನಮಗೆ ನೈರೋಬಿಯಲ್ಲಿ ಸಿಕ್ಕಿದ್ದು ಕುರಿಯದು.

ಅರ್ಧ ಟೋಪಿ ಹೊತ್ತು ಕೂತೆ. ತೂಕಡಿಸಿದರೆ "ಅಲ್ಲಾಡ್ಬೇಡಿ!" ಎಂದು ಗದರಿಕೆ. ಮಗಳು ಅದಿತಿ ಇಣುಕಿ, "ಅಪ್ಪಾ, ಯು ಲುಕ್ ಲೈಕ್ ಎ ಕುಶನ್" ಎಂದು ಹೋದಳು.

ಪ್ರದರ್ಶನ ಹತ್ತಿರವಾದಾಗ ಶೈಲಜಾಳ ಮಣಿಕಟ್ಟು ಊದಿಕೊಂಡಿತು. ಡಾಕ್ಟರು ಪಟ್ಟಿ ಸುತ್ತಿ, ಕೈ ಆಡಿಸಕೂಡದು ಎಂದರು. ಅವಳು ಟೋಪಿಯನ್ನು ಚೀಲಕ್ಕೆ ತುರುಕಿ, "ಹೋಗ್ಲಿ ಬಿಡಿ, ಪೋಸ್ಟರ್ ಅಂಟಿಸಿದ್ರಾಯ್ತು" ಅಂದಳು. ಹಾಗನ್ನುವಾಗ ನನ್ನ ಕಡೆ ನೋಡಲಿಲ್ಲ. ಹದಿನೆಂಟು ವರ್ಷ ಸಂಸಾರ ಮಾಡಿದವನಿಗೆ ಅಷ್ಟು ಸಾಕು.

"ನಂಗೆ ಹೇಳ್ಕೊಡು" ಅಂದೆ.

"ನೀವು ಕಟ್ಟಿದ ಷೂ ಲೇಸೇ ನಿಲ್ಲಲ್ಲ."

ಆದರೂ ಹೇಳಿಕೊಟ್ಟಳು. ನಾನು ಇಂಡಸ್ಟ್ರಿಯಲ್ ಏರಿಯಾದ ಔಷಧದ ಫ್ಯಾಕ್ಟರಿಯಲ್ಲಿ ಮ್ಯಾನೇಜರ್. ಬೆಳಗಿನ ಟ್ರಾಫಿಕ್ ಜಾಮಿನಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡು, ಕಾರಿನ ಹಿಂದಿನ ಸೀಟಿನಲ್ಲಿ ಗಂಟು ಹಾಕುತ್ತ ಹೋದೆ. ಪಕ್ಕದ ಮಟಾಟು ವ್ಯಾನಿನ ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರ್ ಬಗ್ಗಿ, ಏನದು ಎಂದು ಸನ್ನೆ ಮಾಡಿದ. ಟೋಪಿಗೆ ನನಗೆ ಗೊತ್ತಿದ್ದ ಸ್ವಾಹಿಲಿಯಲ್ಲಿ "ಕೊಫಿಯಾ" ಎಂದು ತಲೆ ಮುಟ್ಟಿ ತೋರಿಸಿದೆ. ಅವನು ಟೋಪಿಯನ್ನೂ ನನ್ನನ್ನೂ ನೋಡಿ, "ಸವಾ, ಸವಾ", ಅಂದರೆ ಆಯ್ತು ಆಯ್ತು, ಎಂದು ಕನಿಕರದಿಂದ ಒಪ್ಪಿಕೊಂಡ.

ಮುಗಿದ ಟೋಪಿಯನ್ನು ಮೇಜಿನ ಮೇಲಿಟ್ಟರೆ ಎಡಕ್ಕೆ ವಾಲಿತು. ಅವಳ ಗಂಟುಗಳು ಬಿಗಿ, ನನ್ನವು ಸಡಿಲ. ಪ್ರದರ್ಶನದ ದಿನ ನನ್ನ ಭಾಗವನ್ನು ಮೆಲ್ಲಗೆ ಗೋಡೆಯ ಕಡೆ ತಿರುಗಿಸಿದೆ. ಶೈಲಜಾ ಪಟ್ಟಿ ಸುತ್ತಿದ ಕೈಯಿಂದಲೇ ಅದನ್ನು ಮತ್ತೆ ಎದುರಿಗೆ ತಂದಳು. "ಇರ್ಲಿ. ಇದೂ ಕಾಣ್ಲಿ" ಅಂದಳು.

ಒಬ್ಬ ಪುಟ್ಟ ಹುಡುಗಿ, ಇದನ್ನು ಹಾಕಿಕೊಳ್ಳುತ್ತಿದ್ದ ರಾಜನ ತಲೆ ಸೊಟ್ಟಗಿತ್ತೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಶೈಲಜಾ, ಅಳತೆ ತೆಗೆದದ್ದು ರಾಜನದಲ್ಲ ಎಂದು ನನ್ನತ್ತ ಕೈ ತೋರಿಸಿದಳು. ಹಾಕಿಕೊಂಡು ತೋರಿಸಬೇಕೆಂದು ಮಕ್ಕಳ ಹಟ. ಹಾಕಿಕೊಂಡೆ.

ಟೋಪಿ ಒಂದು ಕೂದಲಷ್ಟೂ ವಾಲದೆ, ನಾಲ್ಕೂ ಕೊಂಬು ಸಮನಾಗಿ, ನೆಟ್ಟಗೆ ನಿಂತಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಅದಿತಿ ಕೂಡ ತಟ್ಟಿದಳು. ನಾನು ಬಾಗಿ ವಂದಿಸಿದೆ. ಚಪ್ಪಾಳೆ ನನ್ನ ಗಂಟುಗಳಿಗೇ ಸಂದದ್ದೆಂದು ಮನೆ ಸೇರುವವರೆಗೂ ನಂಬಿದ್ದೆ. ಆಮೇಲೆ ಕನ್ನಡಿಯಲ್ಲಿ ನನ್ನ ಬರಿಯ ತಲೆಯನ್ನು ನೋಡಿಕೊಂಡೆ.